ಯಾರೂ ಕೇಳದ ಮೂರನೇ ಚರಣ

ನನ್ನ ಅಮ್ಮ ಕಟ್ಟಿದ ಹಾಡನ್ನು ಕೊನೆಯವರೆಗೆ ಕೇಳಿದವರು ಯಾರೂ ಇರಲಿಲ್ಲ. ಹಾಡು ಕೆಟ್ಟದಾಗಿತ್ತೆಂದಲ್ಲ. ಅಷ್ಟು ಹೊತ್ತಿಗೆ ಕೇಳುವವರೆಲ್ಲ ನಿದ್ದೆ ಹೋಗಿರುತ್ತಿದ್ದರು.

ಅಮ್ಮ ಒಂದು ಶಿಶುವಿಹಾರದಲ್ಲಿ ಆಯಾ. ಹೆತ್ತವರು ಕೆಲಸಕ್ಕೆ ಹೋಗುವಾಗ ಬಿಟ್ಟುಹೋದ ಎರಡು ಮೂರು ವರ್ಷದ ಮಕ್ಕಳನ್ನು ಮಧ್ಯಾಹ್ನ ಊಟವಾದ ಮೇಲೆ ಮಲಗಿಸುವುದು ಅವಳ ಪಾಲಿನ ಕೆಲಸ. ಜೊತೆಯ ಆಯಾ, ನಾವು ಕನ್ನಡಕದಕ್ಕ ಎಂದು ಕರೆಯುವವರು, ಹಾಸಿಗೆಗಳನ್ನು ಸಾಲಾಗಿ ಹಾಸಿ ಪರದೆ ಎಳೆಯುತ್ತಾರೆ. ಆಮೇಲೆ ಅಮ್ಮ ಶುರುಮಾಡುತ್ತಾಳೆ:

ಮಲಗೋ ಮರಿಯೇ, ಮಲಗೋ ಮರಿಯೇ,
ಬಾಗಿಲು ಮಲಗಿತು, ಮಲಗೋ ಮರಿಯೇ;
ಚಮಚ ಮಲಗಿತು, ಬಟ್ಟಲು ಮಲಗಿತು,
ನೀನೂ ಮಲಗೋ, ಮಲಗೋ ಮರಿಯೇ.

ಎರಡನೇ ಚರಣದಲ್ಲಿ ಚಪ್ಪಲಿಗಳು ಜೋಡಿ ಜೋಡಿಯಾಗಿ ಮಲಗುತ್ತವೆ, ಗೂಟಕ್ಕೆ ನೇತುಹಾಕಿದ ಚೀಲ ಮಲಗುತ್ತದೆ. ಮೂರನೆಯದರಲ್ಲಿ ಏನಾಗುತ್ತದೆಂದು ನನಗೆ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಕೇಳಿದ ಹಾಡು. ಚೀಲದ ಆಚೆಗೆ ನಾನು ಎಂದೂ ದಾಟಿದವಳಲ್ಲ.

ನಮ್ಮ ಮನೆಯಲ್ಲಿ ಇದು ತಮಾಷೆಯ ವಿಷಯ. ಅಪ್ಪ ಸಿಟಿ ಬಸ್ಸಿನ ಡ್ರೈವರ್. ಅಮ್ಮ ಪಾತ್ರೆ ತೊಳೆಯುತ್ತ ಗುನುಗಿದರೂ ಸಾಕು, ಕೈಯಲ್ಲಿ ಪೇಪರ್ ಹಿಡಿದಂತೆಯೇ ಅವನ ತಲೆ ಒಂದು ಕಡೆಗೆ ವಾಲುತ್ತದೆ.

"ಡ್ಯೂಟಿ ಇರೋ ದಿನ ಬೆಳಿಗ್ಗೆ ನೀನು ಬಾಯಿ ತೆಗೀಬಾರದು ಕಣೇ. ಒಂದು ಬಸ್ಸು ಜನರ ಪ್ರಾಣ ನಿನ್ನ ನಾಲಿಗೆ ಮೇಲಿದೆ" ಎನ್ನುತ್ತಿದ್ದ.

"ಹಾಡಿಗೆ ಹೇಳ್ತಿದ್ದೀರೋ, ಮಾತಿಗೂ ಸೇರಿಸಿ ಹೇಳ್ತಿದ್ದೀರೋ?"

"ಮಾತಿಗೆ ನಿದ್ದೆ ಬರಲ್ಲ. ಬಂದಿದ್ದೂ ಹೋಗುತ್ತೆ."

ಒಂದು ಸಂಜೆ ಅಮ್ಮ ಕೆಲಸದಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ನನ್ನ ಕೋಣೆಯ ಬಾಗಿಲಲ್ಲಿ ನಿಂತಳು. ನಾನು ಎಂದಿನಂತೆ ಡೈರಿ ಬರೆಯುತ್ತಿದ್ದೆ. ಪದವಿ ಮುಗಿದ ಮೇಲೆ ಹಾಕಿದ ಅರ್ಜಿಗಳಿಗೆ ಉತ್ತರ ಬರುವವರೆಗೆ ನನ್ನದು ಅದೊಂದೇ ಉದ್ಯೋಗ. ಅಮ್ಮ ಒಳಗೂ ಬರಲಿಲ್ಲ, ಹೊರಗೂ ಹೋಗಲಿಲ್ಲ. ಬೆರಳಿನಿಂದ ಬಾಗಿಲ ಬಣ್ಣ ಕೆರೆಯುತ್ತ ನಿಂತಿದ್ದಳು. ಹೀಗೆ ಹಿಂಜರಿದು ನಿಲ್ಲುವುದು ನನ್ನ ರೀತಿ. ಅವಳಲ್ಲಿ ನೋಡಿದ್ದು ಅದೇ ಮೊದಲು.

"ಏನಮ್ಮ?"

"ಏನಿಲ್ಲ. ಬರೋ ತಿಂಗಳು ಮಕ್ಕಳ ಅಪ್ಪ ಅಮ್ಮಂದಿರನ್ನೆಲ್ಲ ಕರೀತಾರಂತೆ. ನಮ್ಮ ಕೈಲೂ ಏನಾದ್ರೂ ಮಾಡಿಸಬೇಕು ಅಂತ ಮೇಡಂಗೆ ಆಸೆ. ಕನ್ನಡಕದಕ್ಕ ಕಾಗದದ ಗೊಂಬೆ ಮಾಡಿ ತೋರಿಸ್ತಾಳೆ. ನನಗೆ, ನಿಮ್ಮ ಹಾಡೇ ಹಾಡಿ ಆಯಮ್ಮ, ಪೂರ್ತಿ ಹಾಡಿ ಅಂದ್ರು."

"ಹಾಡು ಮತ್ತೆ."

"ಹಾಡು ಮತ್ತೆ ಅಂತೆ. ದೊಡ್ಡೋರ ಮುಂದೆ ಚಮಚ ಬಟ್ಟಲು ಅಂತ ಹಾಡೋಕಾಗುತ್ತಾ? ನೀನು ಓದಿದ್ದೀಯಲ್ಲ, ಸ್ವಲ್ಪ ತಿದ್ದಿಕೊಡು." ಆಮೇಲೆ ಬಾಗಿಲಿಗೇ ಹೇಳುವಂತೆ ಹೇಳಿದಳು: "ಒಂದ್ಸಲ ಆದ್ರೂ ಯಾರೋ ಎದ್ದಿರೋವಾಗಲೇ ಅದು ಮುಗೀಬೇಕು ಅಂತ ನನಗೂ ಇದೆ ಕಣೇ."

ಅಷ್ಟು ಹೇಳಿ ಚಪ್ಪಲಿ ಬಿಡಲು ಹೋದಳು. ಅವಳು ತನಗಾಗಿ ಏನನ್ನಾದರೂ ಕೇಳಿದ್ದನ್ನು ನಾನು ನೆನಪು ಮಾಡಿಕೊಳ್ಳಲು ಯತ್ನಿಸಿದೆ. ಒಂದು ಕುಕ್ಕರ್ ನೆನಪಾಯಿತು. ಅದೂ ನಮಗೇ.

ಭಾನುವಾರ ಮಧ್ಯಾಹ್ನ ಕೆಲಸ ಶುರುಮಾಡಿದೆವು. ನಾನು ಪೆನ್ನು ಹಿಡಿದು ಮಂಚದ ಮೇಲೆ ಕುಳಿತೆ. ಅಮ್ಮ ಎದುರಿನ ಕುರ್ಚಿಯಲ್ಲಿ ಶಾಲೆಯ ಹುಡುಗಿಯಂತೆ ನೆಟ್ಟಗೆ ಕುಳಿತು ಗಂಟಲು ಸರಿಮಾಡಿಕೊಂಡಳು. ಬಾಗಿಲು ಮಲಗಿತು. ಚಮಚ ಮಲಗಿತು. ಕಣ್ಣು ಬಿಟ್ಟಾಗ ನನ್ನ ಮೇಲೆ ಹೊದಿಕೆ ಇತ್ತು, ಅಮ್ಮ ಅಡುಗೆಮನೆಯಲ್ಲಿ ಟೀ ಸೋಸುತ್ತಿದ್ದಳು.

"ಎಬ್ಬಿಸಬಾರದಿತ್ತಾ?"

"ಮಲಗಿಸಿದ್ದನ್ನ ಎಬ್ಬಿಸಿ ನನಗೆ ಅಭ್ಯಾಸ ಇಲ್ಲ."

ಮುಂದಿನ ಸಲ ನಿಂತುಕೊಂಡೇ ಕೇಳಿದೆ. ನಿಂತರೂ ಕಣ್ಣು ಎಳೆಯಿತು. ಕೋಣೆಯಲ್ಲಿ ಅತ್ತಿಂದಿತ್ತ ನಡೆಯುತ್ತ ಕೇಳಿದೆ. ಚೀಲದವರೆಗೆ ಬಂದೆ. ಅಷ್ಟರಲ್ಲಿ ಹಾಲ್‌ನಲ್ಲಿ ಧಡ್ ಎಂದು ಸದ್ದಾಯಿತು. ಅಪ್ಪ ಕುರ್ಚಿಯಿಂದ ಜಾರಿದ್ದ.

"ಒಳಗೆ ಹಾಡೋದಿದ್ರೆ ಮೊದಲೇ ಹಾರ್ನ್ ಹೊಡೀರಿ" ಎಂದು ಸೊಂಟ ಉಜ್ಜಿಕೊಳ್ಳುತ್ತ ಎದ್ದ.

ನಕ್ಕು ನಕ್ಕು ಆ ದಿನದ ಕೆಲಸ ಅಲ್ಲಿಗೇ ನಿಂತಿತು. ಮೂರನೇ ಚರಣ ಹೇಳು ಎಂದರೆ ಅಮ್ಮ ಮಾತು ತೇಲಿಸಿದಳು. "ಅದು ಹಂಗೇ ಏನೋ ಒಂದು. ಸರಿಯಾಗಿಲ್ಲ. ನೀನೇ ಹೊಸದಾಗಿ ಬರೆದುಬಿಡು."

ಬರೆದೆ. ಅಮ್ಮ ಕೇಳಿದ್ದು ತಿದ್ದಲು; ನಾನು ಬುಡದಿಂದ ಕಿತ್ತು ಬೇರೆಯದನ್ನೇ ನೆಟ್ಟೆ. ಮನುಷ್ಯರ ಎದುರು ಬಾಯಿ ಬಾರದವರ ಪೆನ್ನಿಗೆ ಒಂದು ಅಹಂಕಾರ ಇರುತ್ತದೆ. ಚಮಚ ಹೋಗಿ ಚುಕ್ಕಿಗಳು ಬಂದವು, ಬಟ್ಟಲು ಹೋಗಿ ಬೆಳ್ಳಿ ದೋಣಿ ಬಂತು. ಒಂದು ಕುದುರೆಯೂ ಬಂತು:

ಮೋಡದ ಕುದುರೆ ಬೆನ್ನನು ಏರಿ
ಹೊರಟಿತು ಕನಸು, ಎಲ್ಲಿಗೆ ಹೇಳು?

ಅಮ್ಮ ಹಾಳೆಯನ್ನು ದೂರ ಹಿಡಿದು ಓದಿದಳು. ಅವಳ ಮುಖ ಅರಳಿತು. "ಎಷ್ಟು ಚೆನ್ನಾಗಿದೆ. ಇದು ನಾನು ಬರೆದಿದ್ದು ಅಂದ್ರೆ ನಂಬ್ತಾರಾ?" ನನಗೆ ಆಗ ಆ ಪ್ರಶ್ನೆ ಹೊಗಳಿಕೆಯಂತೆ ಕೇಳಿಸಿತು. ಮಕ್ಕಳ ಮುಂದೆ ಹಾಡಿ ರೂಢಿ ಮಾಡಿಕೊಳ್ಳುತ್ತೇನೆಂದು ಅವಳು ಹಾಳೆಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡಳು.

ಮಾರನೆಯ ದಿನ ಸಂಜೆ ಅಮ್ಮನ ಹಿಂದೆಯೇ ಕನ್ನಡಕದಕ್ಕನೂ ಬಂದರು. ಅವರ ಕೂದಲಿಗೆ ಬಿಸ್ಕತ್ತಿನ ಚೂರು ಅಂಟಿತ್ತು.

"ಮಕ್ಕಳಿಗೆ ತುಂಬಾ ಹಿಡಿಸಿತು ಕಣೇ" ಎಂದಳು ಅಮ್ಮ, ನನ್ನ ಮುಖ ನೋಡದೆ.

"ಹಿಡಿಸದೆ ಏನು. ಹಿಡಿಸಿದ್ದೇ ಕೇಡಾಗಿದ್ದು" ಎಂದು ಕನ್ನಡಕದಕ್ಕ ಕುರ್ಚಿ ಎಳೆದುಕೊಂಡರು. "ನಿಮ್ಮಮ್ಮ ಎಲ್ಲಿಗೆ ಹೇಳು ಅಂದಳೋ ಇಲ್ಲವೋ, ಒಂದು ಎದ್ದು ಕೂತು ಅಜ್ಜಿ ಮನೆಗೆ ಅಂತು. ಇನ್ನೊಂದು, ಅಲ್ಲ, ನಮ್ಮನೆಗೆ ಅಂತು. ನಿಮ್ಮನೆಗೆ ಯಾಕೆ ನಮ್ಮನೆಗೆ ಅಂತ ಮೂರನೇದು ಅಳೋಕೆ ಶುರು. ಆಮೇಲೆ ಕುದುರೆ ಬೇಕು ಅಂದವು. ಯಾರು ಕುದುರೆ ಆಗಿದ್ದು ಅಂತ ನನ್ನ ಬೆನ್ನು ಕೇಳು."

"ಒಬ್ಬರೂ ಮಲಗಲಿಲ್ವಾ?"

"ಮಲಗೋದಾ? ಮೇಡಂ ಬಂದು, ಆಯಮ್ಮ ಇವತ್ತು ಇಲ್ಲಿ ನಿದ್ದೆ ಹೊತ್ತೋ ಆಟದ ಹೊತ್ತೋ ಅಂತ ಕೇಳಿ ಹೋದರು. ಮಲಗಿಸೋಕೆ ಕುಂಬಾರನ ವರುಷ, ಎಬ್ಬಿಸೋಕೆ ನಿನ್ನದೊಂದು ಸಾಲು ಸಾಕಾಯ್ತು ನೋಡು, ಮಗಾ."

ನನ್ನ ಕಿವಿ ಬಿಸಿಯಾಯಿತು. ನಾನು ಅಲ್ಲಿಂದ ಎದ್ದು ಹೋಗುವುದರಲ್ಲಿದ್ದೆ. ಅಮ್ಮ ಕೈ ಹಿಡಿದು ಕೂರಿಸಿದಳು. "ಹಾಡು ಚೆನ್ನಾಗಿತ್ತು, ಅದಕ್ಕೇ ಎದ್ದರು. ನಂದು ಕೇಳಿ ಯಾರೂ ಎದ್ದು ಕೂತಿಲ್ಲ." ಆ ದನಿಯಲ್ಲಿ ಸಮಾಧಾನಕ್ಕಿಂತ ಹೆಚ್ಚಾಗಿ ಸಣ್ಣದೊಂದು ಅಸೂಯೆ ಇತ್ತು. ಅದು ನನ್ನನ್ನು ಬೈಗುಳಕ್ಕಿಂತ ಹೆಚ್ಚು ನೋಯಿಸಿತು. ಅವಳಿಗೆ ತನ್ನ ಹಾಡು ಕೇಳಿಸಬೇಕಿತ್ತು. ನಾನು ನನ್ನದನ್ನು ಕೇಳಿಸಿದ್ದೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ.

ಹಾಳೆಯನ್ನು ಹರಿದು ಹಾಕಿ, ಮತ್ತೊಂದು ಮಧ್ಯಾಹ್ನ ನಾನೇ ಶಿಶುವಿಹಾರಕ್ಕೆ ಹೋದೆ. ಅಮ್ಮನಿಗೆ ಹೇಳಿರಲಿಲ್ಲ, ಹೇಳಿದರೆ ಅವಳು ಕುರ್ಚಿಯಲ್ಲಿ ಕುಳಿತಂತೆ ನೆಟ್ಟಗೆ ಹಾಡಿಬಿಡುತ್ತಿದ್ದಳು. ಕನ್ನಡಕದಕ್ಕ ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ಮಲಗುವ ಕೋಣೆಯ ಬಾಗಿಲ ಹೊರಗೆ ನಿಲ್ಲಿಸಿದರು. ನಿದ್ದೆ ಬಾರದಿರಲೆಂದು ಅಲ್ಲಿನ ಫ್ರಿಜ್‌ನಿಂದ ತಣ್ಣನೆಯ ನೀರಿನ ಬಾಟಲಿ ತೆಗೆದು ಕತ್ತಿನ ಹಿಂದೆ ಒತ್ತಿಕೊಂಡೆ.

ಒಳಗೆ ಅಮ್ಮ ಕುಳಿತು ಹಾಡುತ್ತಿರಲಿಲ್ಲ. ಎರಡು ಹಾಸಿಗೆಗಳ ನಡುವೆ ಮಂಡಿಯೂರಿ, ಎಡಗೈಯಿಂದ ಒಂದು ಮಗುವನ್ನೂ ಬಲಗೈಯಿಂದ ಇನ್ನೊಂದನ್ನೂ ತಟ್ಟುತ್ತಿದ್ದಳು. ಮೂರನೇ ಸಾಲಿಗೆ ಬಂದಾಗ ಎದ್ದು ಮುಂದಿನ ಜೋಡಿಗೆ ಸರಿಯುತ್ತಿದ್ದಳು, ಅದಕ್ಕೇ ಆ ಸಾಲು ಎಳೆದು ಎಳೆದು ಬರುತ್ತಿತ್ತು: ಬಟ್ಟಲೂಊ ಮಲಗಿತು. ಮನೆಯಲ್ಲಿ ಕುರ್ಚಿಯ ಮೇಲೆ ಕುಳಿತು ಹಾಡಿದಾಗ ಆ ಎಳೆತ ಯಾಕೋ ಜೋತುಬಿದ್ದಂತೆ ಕೇಳಿಸಿ, ನಾನು ಅಲ್ಲೊಂದು ಗುರುತು ಹಾಕಿಕೊಂಡಿದ್ದೆ. ಇಲ್ಲಿ ಅದು ಜೋತುಬಿದ್ದಿರಲಿಲ್ಲ. ಎರಡು ಹಾಸಿಗೆಗಳ ನಡುವಿನ ದೂರಕ್ಕೆ ಸರಿಯಾಗಿ ಕೂಡುತ್ತಿತ್ತು.

ಚಪ್ಪಲಿ ಮಲಗಿತು, ಚೀಲ ಮಲಗಿತು. ಬಾಟಲಿಯನ್ನು ಕೆನ್ನೆಗೆ ಒತ್ತಿಕೊಂಡೆ. ನಲ್ಲಿಯ ಹನಿಯೂ ಮಲಗಿತು. ಕೊನೆಯ ಮಗುವಿನ ಕೈ ಸಡಿಲವಾಗಿ ಹಾಸಿಗೆಯಿಂದ ಹೊರಗೆ ಬಿತ್ತು. ಅಮ್ಮ ಅದನ್ನೆತ್ತಿ ಒಳಗಿಟ್ಟು, ಅದೇ ರಾಗದಲ್ಲಿ, ಇನ್ನೂ ಸಣ್ಣ ದನಿಯಲ್ಲಿ ಮುಂದುವರಿಸಿದಳು.

ಅದರಲ್ಲಿ ಮಲಗುವ ವಸ್ತುಗಳಿರಲಿಲ್ಲ. ಸೊಪ್ಪಿನವನು ಬಾಡಿದ್ದು ಕೊಟ್ಟ ಮರಿಯೇ ಎಂದು ಹಾಡಿದಳು. ಎಲ್ಲರ ಕಣ್ಣೂ ಮುಚ್ಚಿದವು, ನನ್ನ ಕಣ್ಣಿಗೆ ಇನ್ನೂ ಕೆಲಸ ಎಂದಳು. ಒಂದು ಮಂಡಿ ಮಾತ್ರ ಎದ್ದೇ ಇದೆ, ಮಲಗೋ ಮಲಗೋ ಮಂಡಿಯೇ ಎಂದು ಮಂಡಿಯನ್ನು ತಟ್ಟಿಕೊಂಡಳು. ಆಮೇಲೆ ಹಾಡಿದಳು:

ಮಾತೊಂದು ಮಲಗಿದೆ ಮಗಳ ಬಾಯಲಿ,
ಅದನು ಮಾತ್ರ ಎಬ್ಬಿಸೋ, ಮರಿಯೇ.

ನಾನು ಗೋಡೆಗೆ ಒರಗಿ ನಿಂತೆ. ನನಗೆ ನಿದ್ದೆ ಬಂದಿರಲಿಲ್ಲ. ಎಷ್ಟು ವರ್ಷ ಇದೇ ದನಿ ನನ್ನ ತಲೆಯ ಬಳಿ ಕುಳಿತು ಹೀಗೆಯೇ ಮುಂದುವರಿದಿರಬೇಕು, ಏನೇನು ಹೇಳಿರಬೇಕು. ಪ್ರತಿ ಸಲವೂ ನಾನು ಚೀಲದ ಹತ್ತಿರವೇ ಅವಳನ್ನು ಬಿಟ್ಟು ಹೋಗಿದ್ದೆ.

ಅವಳು ಎದ್ದು ಬಾಗಿಲಿಗೆ ಬಂದಳು. ನನ್ನನ್ನೂ ಬಾಟಲಿಯನ್ನೂ ನೋಡಿದಳು.

"ಎಷ್ಟು ಹೊತ್ತಾಯ್ತು ಬಂದು?"

"ಬಾಗಿಲು ಮಲಗೋದಕ್ಕೆ ಮುಂಚೆ."

"ಅಯ್ಯೋ ಶನಿಯೇ" ಎಂದು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಬೆರಳ ಸಂದಿಯಿಂದ ನಗುತ್ತಿದ್ದಳು.

ಆ ಸಂಜೆ ಅಡುಗೆಮನೆಯಲ್ಲಿ ನಿಜವಾದ ಕೆಲಸ ನಡೆಯಿತು. ಅವಳು ತರಕಾರಿ ಹೆಚ್ಚುತ್ತಿದ್ದಳು. ನಾನು ಕಟ್ಟೆಯ ಮೇಲೆ ಕುಳಿತಿದ್ದೆ.

"ಅದು ಹಾಡಲ್ಲ ಕಣೇ, ಗೊಣಗಾಟ. ಯಾರೂ ಕೇಳಲ್ಲ ಅಂತ ಬಾಯಿಗೆ ಬಂದಿದ್ದು ಹಾಡ್ತೀನಿ. ದಿನಾ ಒಂದೊಂದು ಥರ ಇರುತ್ತೆ."

"ನನಗೆ ಅದೇ ಚರಣ ಬೇಕು. ಮೊದಲಿನ ಎರಡನ್ನ ನಾನು ಮುಟ್ಟಲ್ಲ."

"ಮುಟ್ಟಬೇಡ, ಒಮ್ಮೆ ಮುಟ್ಟಿ ನೋಡಿದ್ದಾಯ್ತಲ್ಲ" ಎಂದಳು. "ಸೊಪ್ಪಿನವನನ್ನ ತೆಗಿ. ಅವನ ಮಗೂನೂ ನಮ್ಮಲ್ಲೇ ಬರುತ್ತೆ."

ಸೊಪ್ಪಿನವನನ್ನು ತೆಗೆದೆವು. ಕಣ್ಣಿನ ಸಾಲು ಉಳಿಯಿತು. ಅದು ಆ ಚರಣದ ಬಾಗಿಲು, ಅದನ್ನೇ ಮೊದಲಿಡೋಣ ಎಂದೆ. ಅವಳು ಹಾಗೆ ಹಾಡಿ ನೋಡಿ, "ಹೂಂ, ಈಗ ಕೂತ್ಕೊಂಡಿತು" ಎಂದಳು. ಒಂದು ಪದ ಜಾಗಕ್ಕೆ ಕೂತರೆ ಅವಳು ಹಾಗೆಯೇ ಹೇಳುತ್ತಾಳೆ. ನನ್ನ ತಿದ್ದುಪಡಿಯೊಂದಕ್ಕೆ ಆ ಮಾತು ಸಿಕ್ಕಿದ್ದು ನನಗೆ ಅಂಕಪಟ್ಟಿಗಿಂತ ದೊಡ್ಡದಾಗಿ ಕಂಡಿತು. ತಕರಾರು ಹುಟ್ಟಿದ್ದು ಮಂಡಿಯ ಹತ್ತಿರ.

"ಮಂಡಿ ಬೇಡ. ಮುದುಕಿ ಅಂದ್ಕೊಳ್ತಾರೆ. ಕೆಲಸದಿಂದ ಬಿಡಿಸಿಬಿಟ್ರೆ?"

"ಮಂಡಿ ಇಲ್ಲದಿದ್ರೆ ನಗು ಎಲ್ಲಿಂದ ಬರುತ್ತೆ? ಮಂಡಿ ಇರಲಿ. ಕೊನೆಯ ಎರಡು ಸಾಲು ಬೇಡ."

"ಯಾವುದು? ಮಗಳದ್ದಾ? ಅದೇ ನನಗೆ ಬೇಕಾಗಿರೋದು."

"ಎಲ್ಲರೂ ತಿರುಗಿ ನನ್ನನ್ನ ನೋಡ್ತಾರಮ್ಮ."

"ನೋಡ್ಲಿ. ನೋಡಿದ್ರೆ ಸವೆದುಹೋಗ್ತೀಯಾ?"

ಅಪ್ಪ ನೀರು ಕುಡಿಯಲು ಬಂದವನು ಸ್ವಲ್ಪ ಹೊತ್ತು ನಿಂತು ಕೇಳಿದ. ನಾವಿಬ್ಬರೂ ಸಾಲು ಹೇಳದೆ ಜಗಳ ಮಾತ್ರ ಆಡುತ್ತಿದ್ದೆವು. ಅವನಿಗೆ ಏನೂ ಅರ್ಥವಾಗಲಿಲ್ಲ. "ಮಂಡಿಗೂ ಮಗಳಿಗೂ ಏನ್ ಸಂಬಂಧ? ನನಗಂತೂ ಹಾಡಿನ ದಿನ ಡ್ಯೂಟಿ ಇಲ್ಲ. ಬಂದು ಹಿಂದೆ ಕೂತು ಮಲಗ್ತೀನಿ" ಎಂದು ಹೋದ. ಅಮ್ಮ ಅವನು ಹೋದ ಕಡೆಯೇ ಸ್ವಲ್ಪ ನೋಡಿದಳು.

"ನೋಡು, ಇವರೊಬ್ಬರು" ಎಂದಳಷ್ಟೇ.

ಕೊನೆಗೆ ರಾಜಿಯಾಯಿತು. ಅವಳ ಮಂಡಿ ಇದ್ದರೆ ನನ್ನ ಬಾಯಿಯೂ ಇರುತ್ತದೆ. ಒಂದು ಹೋದರೆ ಎರಡೂ ಹೋಗುತ್ತವೆ. ಎರಡೂ ಉಳಿದವು.

ಇನ್ನೊಂದು ತೊಂದರೆ ಉಳಿದಿತ್ತು. ಮೇಡಂ ಮೈಕ್ ತರಿಸಿದ್ದರು. ವೇದಿಕೆಯ ಮೇಲೆ ಮೈಕಿನ ಮುಂದೆ ನಿಂತರೆ ಮೂರನೇ ಸಾಲಿನ ಆ ಎಳೆತ ಮತ್ತೆ ಜೋತುಬೀಳುತ್ತಿತ್ತು. ಮನೆಯಲ್ಲಿ ನಿಲ್ಲಿಸಿ ಹಾಡಿಸಿ ನೋಡಿದ್ದೆ. ಅವಳು ನಡೆಯಬೇಕು. ಮಕ್ಕಳ ನಡುವೆ ನಡೆಯುತ್ತ, ಬಗ್ಗಿ ತಟ್ಟುತ್ತ ಹಾಡಬೇಕು. ಇದನ್ನು ಮೇಡಂಗೆ ಹೇಳುವುದು ಯಾರು? ಅಮ್ಮ, ತಾನು ಹೇಳಿದರೆ ಕೊಬ್ಬು ಅಂದುಕೊಳ್ಳುತ್ತಾರೆ ಎಂದಳು.

ಆಫೀಸಿನ ಬಾಗಿಲಲ್ಲಿ ನಾನು ನಿಂತ ರೀತಿಗೆ ಮೇಡಂ ಮೊದಲು, "ಮಗು ಸೇರಿಸೋಕೆ ಬಂದಿರಾ?" ಎಂದು ಕೇಳಿದರು. ಅಲ್ಲ, ಆಯಮ್ಮನ ಮಗಳು ಎಂದೆ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ವಾಕ್ಯಗಳೆಲ್ಲ ಮರೆತುಹೋಗಿದ್ದವು. "ಮೈಕ್ ಬೇಡ ಮೇಡಂ. ಅಮ್ಮನ ಹಾಡಿಗೆ ಕಾಲಿದೆ" ಎಂದುಬಿಟ್ಟೆ. ಮೇಡಂ ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. ಆಮೇಲೆ, "ಕೂತು ಹೇಳಿ" ಎಂದರು. ಕೂತು ಹೇಳಿದೆ. ಕೊನೆಗೆ ಅವರೇ, "ಹಾಗಾದ್ರೆ ಮಕ್ಕಳು ಅವರವರ ಅಪ್ಪ ಅಮ್ಮನ ತೊಡೆ ಮೇಲೇ ಇರಲಿ. ಆಯಮ್ಮ ನಡುವೆ ನಡೀಲಿ" ಎಂದರು.

ಹೆತ್ತವರನ್ನು ಕರೆದ ಶನಿವಾರ ಮಧ್ಯಾಹ್ನ ದೊಡ್ಡ ಕೋಣೆಯ ತುಂಬ ಕುರ್ಚಿಗಳು. ಆಫೀಸಿನಿಂದ ಬಂದವರು, ಅಂಗಡಿ ಮುಚ್ಚಿ ಬಂದವರು, ಹೊಟ್ಟೆ ತುಂಬಿದ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಗಾದರೂ ಸುಮ್ಮನಿರಿಸಲು ಹೆಣಗುತ್ತಿದ್ದರು. ಕನ್ನಡಕದಕ್ಕನ ಕಾಗದದ ಗೊಂಬೆಯನ್ನು ಮೊದಲ ಸಾಲಿನ ಹುಡುಗಿಯೊಬ್ಬಳು ತಿಂದೇಬಿಟ್ಟಳು. ಅಪ್ಪ ಹಿಂದಿನ ಸಾಲಿನ ಕೊನೆಯ ಕುರ್ಚಿಯಲ್ಲಿ ಕುಳಿತಿದ್ದ. ಅಮ್ಮ ಹೊಸ ಚಪ್ಪಲಿ ಹಾಕಿಕೊಂಡಿದ್ದಳು. ಪರದೆ ಎಳೆದರು.

"ಮಲಗೋ ಮರಿಯೇ" ಎಂದು ಅವಳ ದನಿ ನಡುಗುತ್ತಲೇ ಹೊರಟಿತು. ಮೊದಲ ಜೋಡಿಯನ್ನು ಬಗ್ಗಿ ತಟ್ಟಿದಳು. ಹಾಡಿನ ಮೂರನೇ ಸಾಲಿಗೆ ಮುಂದಿನ ಜೋಡಿಯತ್ತ ಸರಿದಾಗ ನಡುಕ ನಿಂತಿತ್ತು. ಕಾಲು ತನ್ನ ಕೆಲಸ ಹಿಡಿದುಕೊಂಡಿತ್ತು. ಚಪ್ಪಲಿ ಮಲಗುವ ಹೊತ್ತಿಗೆ ಒಂದೊಂದೇ ತಲೆ ಹೆತ್ತವರ ಎದೆಗೆ ವಾಲತೊಡಗಿತು. ಒಬ್ಬ ತಂದೆಯ ತಲೆಯೂ ವಾಲಿತು. ಅವನ ಹೆಂಡತಿ ಮೊಣಕೈಯಿಂದ ತಿವಿದಳು. ನಾನು ಕಿಟಕಿಯ ಬಳಿ ನಿಂತು ಉಗುರಿನಿಂದ ಅಂಗೈ ಚುಚ್ಚಿಕೊಳ್ಳುತ್ತಿದ್ದೆ.

ಎರಡನೆಯದು ಮುಗಿಯಿತು. ಒಂದು ಮಗುವೂ ಎದ್ದಿರಲಿಲ್ಲ. ದೊಡ್ಡವರು ಎದ್ದಿದ್ದರು, ಬಹುಮಟ್ಟಿಗೆ.

ಎಲ್ಲರ ಕಣ್ಣೂ ಮುಚ್ಚಿದವು,
ನನ್ನ ಕಣ್ಣಿಗೆ ಇನ್ನೂ ಕೆಲಸ;
ಮಂಡಿ ಒಂದು ಎದ್ದೇ ಇದೆ,
ಮಲಗೋ, ಮಲಗೋ, ಮಂಡಿಯೇ.

ಕುರ್ಚಿಗಳ ನಡುವೆ ಒಂದು ನಗು ಎದ್ದು, ಮಕ್ಕಳ ನೆನಪಾಗಿ ಗಂಟಲಲ್ಲೇ ನಿಂತಿತು. ಹೆಗಲುಗಳು ಮಾತ್ರ ಕುಣಿದವು. ಆಮೇಲೆ ನನ್ನ ಸಾಲು ಬಂತು. ಮೇಡಂ ತಿರುಗಿ ನನ್ನನ್ನು ನೋಡಿದರು, ಇನ್ನು ಕೆಲವರೂ ನೋಡಿದರು. ಸವೆಯಲಿಲ್ಲ.

ಹಾಡು ಅಲ್ಲಿಗೆ ಮುಗಿಯಬೇಕು. ಕಿಟಕಿಯ ಹತ್ತಿರ ಬಂದು ನಿಲ್ಲಬೇಕೆಂದು ಮಾತಾಗಿತ್ತು. ಆದರೆ ಅಮ್ಮ ನಿಲ್ಲಲಿಲ್ಲ. ಪರದೆ ಎಳೆದ ಕೋಣೆ, ಸುತ್ತ ಸಡಿಲವಾಗಿ ಬಿದ್ದ ಪುಟ್ಟ ಕೈಗಳು, ಒಂದೇ ಸಮ ಉಸಿರು. ಅವಳಿಗೆ ದಿನನಿತ್ಯದ ಮಧ್ಯಾಹ್ನವೇ ಬಂದುಬಿಟ್ಟಿತ್ತು. ಕುರ್ಚಿಗಳ ಮೇಲಿನವರು ಅವಳ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಕೆಳಗೆ ಬಿದ್ದ ಒಂದು ಕೈಯನ್ನೆತ್ತಿ ತೊಡೆಯ ಮೇಲಿಟ್ಟು, ತಿರುಗಿ, ಅದೇ ರಾಗದಲ್ಲಿ ಮುಂದುವರಿಸಿದಳು:

ಹೊಸ ಚಪ್ಪಲಿ ಕಚ್ಚುತಾವೆ, ಮರಿಯೇ,
ಮೇಡಂ ಸೆಂಟು ಮೂಗಿಗೇರಿತು, ಮರಿಯೇ.

ಮೇಡಂ ಮೆಲ್ಲಗೆ ಕೈಯನ್ನು ಮೂಗಿನ ಬಳಿಗೆ ಒಯ್ದರು. ಕನ್ನಡಕದಕ್ಕ ಪರದೆಯೊಳಗೆ ಮುಖ ಹುದುಗಿಸಿದರು. ನಾನು ಹೋಗಿ ತಡೆಯಬೇಕೆಂದುಕೊಂಡೆ, ಹೋಗಲಿಲ್ಲ.

ಹಿಂದಿನ ಕುರ್ಚಿಲಿ ನಮ್ಮ ಡ್ರೈವರು
ಮೊದಲ ಸಾಲಿಗೇ ಮಲಗಿರ್ತಾರೆ, ಮರಿಯೇ.

ಎಲ್ಲರೂ ಹಿಂದಕ್ಕೆ ತಿರುಗಿದರು. ಅಪ್ಪ ಕುರ್ಚಿಯಲ್ಲಿರಲಿಲ್ಲ. ಯಾವಾಗ ಎದ್ದಿದ್ದನೋ, ಗೋಡೆಗೂ ಒರಗದೆ ನಿಂತಿದ್ದ. ಎಡತೋಳನ್ನು ಬಲಗೈಯಿಂದ ಚಿವುಟಿ ಹಿಡಿದಿದ್ದ. ಕಣ್ಣು ಕೆಂಪಾಗಿತ್ತು, ತೆರೆದಿತ್ತು. ಅಮ್ಮ ಅವನಿಗೆ ಬೆನ್ನು ಮಾಡಿ ಯಾರದೋ ಮಗುವಿನ ಕಾಲುಚೀಲ ಸರಿಮಾಡುತ್ತಿದ್ದಳು.

ಸಂಜೆಯ ಬಸ್ಸು ಬಂದು ಹೋಯಿತು,
ಇನ್ನೊಂದು ಬಸ್ಸೂ ಬಂದು ಹೋಯಿತು,
ಕೆಲಸ ತಡ ಅಂತ ಸುಳ್ಳು ಹೇಳಿ
ಅವರ ಬಸ್ಸಿಗೇ ಕಾಯ್ತೀನಿ, ಮರಿಯೇ.

ಕಾಲುಚೀಲ ಸರಿಯಾಯಿತು. ಅಮ್ಮ ತಲೆಯೆತ್ತಿದಳು. ಎದುರಿಗೆ ಒಂದು ಕೋಣೆ ತುಂಬ ತೆರೆದ ಕಣ್ಣುಗಳಿದ್ದವು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟುವ ಕೈಗಳಲ್ಲೆಲ್ಲ ಮಲಗಿದ ಮಕ್ಕಳಿದ್ದರು. ಅಮ್ಮ ಒಂದು ಕ್ಷಣ ನಿಂತು, ಮಕ್ಕಳು ಏಳದಂತೆ ತುದಿಗಾಲಿನಲ್ಲಿ ನಡೆದು ಹೊರಗೆ ಹೋದಳು. ತಪ್ಪಿಸಿಕೊಂಡು ಹೋಗುವಾಗಲೂ ಅವಳು ಬಾಗಿಲನ್ನು ಸದ್ದಾಗದಂತೆ ಮುಚ್ಚಿದಳು.

ಹೊರಗೆ ಸಾಲು ಚಪ್ಪಲಿಗಳ ಪಕ್ಕದ ಮೆಟ್ಟಿಲ ಮೇಲೆ ಕುಳಿತಿದ್ದಳು.

"ಏನು ಮಾಡಿಬಿಟ್ಟೆ ನಾನು. ನೀನಾದ್ರೂ ಬಂದು ಬಾಯಿ ಮುಚ್ಚಿಸಬಾರದಿತ್ತಾ?"

"ನಾನು ಕೇಳ್ತಾ ಇದ್ದೆ" ಎಂದೆ.

"ಸೆಂಟು ಅಂದೆ. ಅವರ ಮುಂದೇನೇ ಸೆಂಟು ಅಂದೆ. ಪುಣ್ಯಕ್ಕೆ ನಿಮ್ಮಪ್ಪ..."

ಬಾಗಿಲು ತೆರೆದು ಅಪ್ಪ ಬಂದ. ಅಮ್ಮ ಅವನ ಮುಖ ನೋಡಿದಳು, ತೋಳ ಮೇಲಿನ ಚಿವುಟಿದ ಗುರುತು ನೋಡಿದಳು.

"ಮಲಗಿರಲಿಲ್ವಾ ನೀವು?"

"ಇಲ್ಲ."

"ಪೂರ್ತಿ?"

"ಪೂರ್ತಿ." ಅಪ್ಪ ಅವಳಿಗಿಂತ ಒಂದು ಮೆಟ್ಟಿಲು ಕೆಳಗೆ ಕುಳಿತ. "ಇಷ್ಟು ವರ್ಷ ನಾನು ಪಾಪ ಆ ಮೇಡಂಗೆ ಬೈತಾ ಇದ್ದೆ ಮಾರಾಯ್ತಿ. ದಿನಾ ಹೊತ್ತಾಗೋವರೆಗೂ ದುಡಿಸ್ಕೊಳ್ತಾಳೆ, ಎಂಥಾ ಹೆಂಗಸು ಅಂತ. ಕಂಡಕ್ಟರ್ ಹತ್ರಾನೂ ಹೇಳಿದ್ದೀನಿ."

ಅಮ್ಮ ಕುತ್ತಿಗೆಯವರೆಗೂ ಕೆಂಪಾಗಿದ್ದಳು.

"ಸ್ಟಾಪಲ್ಲಿ ನೆರಳೂ ಇಲ್ಲ" ಎಂದ ಅಪ್ಪ.

"ಒಂದು ಮರ ಇದೆ" ಎಂದಳು ಅಮ್ಮ.

ಒಳಗಿನಿಂದ ಹೆತ್ತವರು ಮಕ್ಕಳನ್ನು ಹೆಗಲಿಗೆ ಹಾಕಿಕೊಂಡು ಒಬ್ಬೊಬ್ಬರಾಗಿ ಬರತೊಡಗಿದರು. ದಾಟುವಾಗ ಕೆಲವರು ಅಮ್ಮನ ಭುಜ ಮುಟ್ಟಿದರು. ಸೊಪ್ಪಿನವನು ನಿಂತು, "ಆಯಮ್ಮ, ಮಂಡಿಗೆ ಬಿಸಿನೀರು ಶಾಖ ಕೊಡಿ" ಎಂದು ಪಿಸುಗುಟ್ಟಿದ. ಮೇಡಂ ಕೊನೆಗೆ ಬಂದರು. ಎರಡೂ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಒಂದಿಷ್ಟು ದೂರದಲ್ಲೇ ನಿಂತು, "ಸೋಮವಾರ ಹಾಕ್ಕೊಂಡು ಬರಲ್ಲ ಆಯಮ್ಮ" ಎಂದರು. ಅವರು ಹೋದ ಮೇಲೆ ಮೂವರೂ ನಕ್ಕೆವು.

ಬಸ್ ಸ್ಟಾಪಿನವರೆಗೆ ನಡೆದೆವು. ಅಮ್ಮ ಹೊಸ ಚಪ್ಪಲಿ ಕೈಯಲ್ಲಿ ಹಿಡಿದಿದ್ದಳು. ಅವಳು ಹೇಳಿದ ಮರ ಅಲ್ಲಿತ್ತು, ಎಲೆ ಕಡಿಮೆ.

"ದಿನಾ ಬೇರೆ ಬೇರೆ ಹಾಡ್ತೀಯಂತಲ್ಲ. ಮಗಳು ಹೇಳಿದಳು" ಎಂದ ಅಪ್ಪ.

"ಹೂಂ."

"ಮನೇಲೂ ಹಾಗೇನಾ? ನಾನು ಮಲಗಿದ ಮೇಲೂ?"

"ಮನೇಲೂ."

"ಏನೇನು ಹಾಡಿದ್ದೀಯ?"

"ಬೈಗುಳವೇ ಜಾಸ್ತಿ."

"ಅದೇ ಹೇಳು. ಮೊದಲನೇದರಿಂದ ಹೇಳು."

ಅಮ್ಮ ನನ್ನ ಕಡೆ ನೋಡಿದಳು. ನಾನು ಮರದ ಇನ್ನೊಂದು ಬದಿಗೆ ಸರಿದು ನಿಂತೆ, ಕೇಳಿಸದಷ್ಟು ದೂರವೇನಲ್ಲ. ಅವಳು ಶುರುಮಾಡಿದಳು. ಮದುವೆಯಾದ ಹೊಸದರ ಒಂದು ಜಗಳ. ಅಪ್ಪನಿಗೆ ಜಗಳವೇ ನೆನಪಿರಲಿಲ್ಲ, ಅವಳಿಗೆ ಅದರ ರಾಗವೂ ನೆನಪಿತ್ತು. ನಮ್ಮ ಮನೆಯ ಕಡೆಗೆ ಹೋಗುವ ಬಸ್ಸು ಬಂದು ನಿಂತಿತು. ಅಪ್ಪನ ಗುರುತಿನ ಡ್ರೈವರ್ ಕಿಟಕಿಯಿಂದ ತಲೆ ಹಾಕಿ, ಹತ್ತಿ ಅಣ್ಣ ಎಂದು ಕರೆದ.

ಅಪ್ಪ, ಹೋಗು ಹೋಗು ಎಂದು ಕೈ ಬೀಸಿ, ಅಮ್ಮನ ಕಡೆಗೆ ತಿರುಗಿದ. "ಆಮೇಲೆ?"